ಬಲಕ್ಕೊಂದು ಒಂಬತ್ತು

ಅಥವಾ ಅದು ಮರುವರ್ಷದ ಚಳಿಗಾಲವೇ ಇರಬಹುದು. ರೈಲಿನ ಕಿಟಕಿಯ ಗಾಜಿನ ಮೇಲೆ ಕೆಂಪು ಧೂಳು ಕೂತಿತ್ತು, ಅದರಲ್ಲಿ ನನ್ನ ಸಹೋದ್ಯೋಗಿ ಬೆರಳಿನಿಂದ ಎಂಟು ಅಂಕಿಯ ಸಂಖ್ಯೆಯೊಂದನ್ನು ಬರೆದರು, ಇಷ್ಟು ನೆನಪಿದೆ. ಆದರೆ ಬ್ಯಾಡಗಿ ಸ್ಟೇಷನ್ನಿನಲ್ಲಿ ನಿಂತ ಗಾಡಿಯ ಗಾಜಿಗೆ ಮೆಣಸಿನಕಾಯಿಯ ಧೂಳು ಪ್ರತಿ ಚಳಿಗಾಲವೂ ಕೂರುತ್ತದೆ. ಧೂಳನ್ನು ನಂಬಿ ವರ್ಷ ಹೇಳುವುದು ಹೇಗೆ? ಅವರು ತೀರಿಕೊಂಡ ಸುದ್ದಿ ಬಂದಾಗಿನಿಂದ ಇದೊಂದನ್ನು ಸರಿಯಾಗಿ ಹೊಂದಿಸಲು ನೋಡುತ್ತಿದ್ದೇನೆ: ಗಾಜಿನ ಮೇಲೆ ಬರೆದು ಅವರು ಹೇಳಿದ ಮಾತು ಮೊದಲೋ, ಆ ವರ್ಷದ ದೀಪಾವಳಿ ಮೊದಲೋ. ಯಾವುದು ಮೊದಲು ಎಂಬುದರ ಮೇಲೆ ಆ ಮನುಷ್ಯ ಎಂಥವರಾಗಿದ್ದರು ಎಂಬುದೇ ಬದಲಾಗಿಬಿಡುತ್ತದೆ.

ಎರಡು ಸಾವಿರದ ಇಸವಿ ದಾಟಿದ ಮೊದಲ ಕೆಲವು ವರ್ಷ ನಾವಿಬ್ಬರೂ ರಾಣೆಬೆನ್ನೂರಿನ ಒಂದು ಖಾಸಗಿ ಕಾಲೇಜಿನಲ್ಲಿದ್ದೆವು. ನಾನು ಕನ್ನಡ, ಅವರು ಗಣಿತ. ಬೆಳಗಿನ ಪ್ಯಾಸೆಂಜರ್ ಗಾಡಿಗೆ ನಾನು ಹಾವೇರಿಯಲ್ಲಿ ಹತ್ತಿದರೆ ಅವರು ಬ್ಯಾಡಗಿಯಲ್ಲಿ ಹತ್ತುತ್ತಿದ್ದರು. ಆಗ ಒಂಟಿ ಹಳಿ. ಎದುರಿನಿಂದ ಎಕ್ಸ್‌ಪ್ರೆಸ್ ಬರುವುದಿದ್ದರೆ ನಮ್ಮ ಗಾಡಿಯನ್ನು ಬ್ಯಾಡಗಿಯಲ್ಲೋ ದೇವರಗುಡ್ಡದಲ್ಲೋ ಪಕ್ಕಕ್ಕೆ ಸರಿಸಿ ನಿಲ್ಲಿಸುತ್ತಿದ್ದರು. ಎಷ್ಟು ಹೊತ್ತು ಎಂದು ಯಾರೂ ಹೇಳುತ್ತಿರಲಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಂತೂ ಕಿಟಕಿ ತೆರೆದರೆ ಘಾಟು, ಮುಚ್ಚಿದರೆ ಸೆಕೆ. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಬಾರದ ಗಾಡಿಯನ್ನು ಬೈಯುತ್ತ ಕೂತಿರುತ್ತಿದ್ದೆವು. ಅವರು ಮಾತ್ರ ಬೈಯುತ್ತಿರಲಿಲ್ಲ. ಮೂವರು ಕೂರುವ ಸೀಟಿನಲ್ಲಿ ಕಿಟಕಿಯ ಜಾಗ ಖಾಲಿ ಇದ್ದರೂ ನಡುವೆಯೇ ಕೂರುತ್ತಿದ್ದರು.

“ಈ ಕಡೆ ಸರೀರಲ್ಲ ಸರ, ಗಾಳಿ ಐತಿ” ಎಂದರೆ, “ಬ್ಯಾಡ್ರಿ. ನಡುವ ಕುಂತ್ರ ಯಾ ಕಡೆ ಬೀಳಬೇಕು ಅನ್ನೂ ಚಿಂತಿ ಇರೂದಿಲ್ಲ” ಎನ್ನುತ್ತಿದ್ದರು.

ಈ ಮಾತು ಅವರು ಒಮ್ಮೆ ಹೇಳಿದ್ದೋ ಹಲವು ಸಲ ಹೇಳಿದ್ದೋ. ನನ್ನ ನೆನಪಿನಲ್ಲಿ ಅವರು ಅದನ್ನು ದಿನಾಲೂ ಹೇಳುತ್ತಾರೆ.

ಅವರು ಮೇಡ್ಲೇರಿಯ ಕಡೆಯವರು, ಹೊಳೆಯ ನೀರುಂಡ ಹೊಲದವರು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯವರೊಬ್ಬರ ಒಬ್ಬಳೇ ಮಗಳನ್ನು ಮದುವೆಯಾಗಿ ಮನೆಅಳಿಯನಾಗಿ ಬಂದವರು. ಮಾತುಕತೆಯ ದಿನವೇ ಮಾವ ಹೇಳಿದ್ದರಂತೆ: “ಪಾಠ ಹೇಳ್ರಿ, ಬ್ಯಾಡ ಅನ್ನಂಗಿಲ್ಲ. ಹಗಲು ಎಲ್ಲೆ ಬೇಕಾದಲ್ಲೆ ಇರ್ರಿ. ಸಂಜಿಗೆ ನಮ್ಮ ಮನ್ಯಾಗ ದೀಪ ಹಚ್ಚೂದರಾಗ ಬರ್ರಿ.” ಹೀಗೆ ಅವರ ದಿನಕ್ಕೆ ಎರಡು ತುದಿ ಗೊತ್ತಾಗಿಬಿಟ್ಟಿದ್ದವು.

ಮೆಣಸಿನಕಾಯಿಯ ಮನೆಯ ಅಳಿಯನಿಗೆ ಖಾರ ಆಗುತ್ತಿರಲಿಲ್ಲ. ಊಟಕ್ಕೆ ಕರೆದಾಗ ನೋಡಿದ್ದೇನೆ: ಎಲ್ಲರ ತಾಟಿನಲ್ಲೂ ಕೆಂಪು, ಇವರ ತಾಟಿನಲ್ಲಿ ಮಾತ್ರ ಸಪ್ಪನೆಯ ಹಳದಿ ಬೇಳೆ. ಮಾವ ರೊಟ್ಟಿ ಮುರಿಯುತ್ತ ನನ್ನ ಕಡೆ ನೋಡಿ ನಕ್ಕರು. “ನಮ್ಮ ಬ್ಯಾಡಗಿ ಕಾಯಿ ಖಾರ ಎಲ್ಲೈತ್ರಿ ಸರ? ಬರೇ ಬಣ್ಣ. ಬಣ್ಣಕ್ಕ ಅಂಜೂ ಅಳಿಯಂದ್ರು ಇವರೊಬ್ಬರ ನೋಡ್ರಿ.”

ಅಳಿಯ ತಲೆ ಎತ್ತದೆ ಹೇಳಿದರು: “ಮಾವಾರ, ಬಣ್ಣ ಮೊದಲ ಕಣ್ಣಿಗೆ ಹತ್ತತೈತಿ, ಆಮ್ಯಾಲೆ ಹೊಟ್ಟಿಗೆ.” ಎಲ್ಲರೂ ನಕ್ಕರು. ಮಾವ ಕೆಟ್ಟ ಮನುಷ್ಯರಲ್ಲ. ಇದನ್ನು ಬರೆದಿಡಬೇಕು, ಯಾಕೆಂದರೆ ಇಂಥ ಕಥೆಯಲ್ಲಿ ಮಾವ ಕೆಟ್ಟವನಾದರೆ ಎಲ್ಲ ಸುಲಭ. ಆ ಮನೆಯಲ್ಲಿ ಅಳಿಯನಿಗೆ ಓದಲು ಒಂದು ಖೋಲಿ ಬಿಟ್ಟುಕೊಟ್ಟಿದ್ದರು. ಗೋಡೆಯುದ್ದಕ್ಕೂ ಮಾದರಿ ಕಾಯಿಯ ಚೀಲಗಳು, ನಡುವೆ ಒಂದು ಮೇಜು, ಒಂದು ಕುರ್ಚಿ. ಕಿಟಕಿ ಇರಲಿಲ್ಲ, ಬೆಳಕು ಬಿದ್ದರೆ ಕಾಯಿಯ ಬಣ್ಣ ಹೋಗುತ್ತದೆಂದು ಹಿರಿಯರ ಕಾಲದಲ್ಲೇ ಮುಚ್ಚಿಸಿದ್ದರಂತೆ.

ಕಾಲೇಜಿನಲ್ಲಿ ಅವರು ಹಲಗೆಯ ಕಡೆ ತಿರುಗಿ ತೋಳು ಎತ್ತಿದರೆ ಮೊದಲ ಬೆಂಚಿನವರು ಸೀನುತ್ತಿದ್ದರು, ಅಂಗಿಯೊಳಗಿನ ಧೂಳು. “ಲೆಕ್ಕಾ ಮೂಗಿಗೆ ಹತ್ತೇತಿ, ಇನ್ನ ತಲಿಗೆ ಹತ್ತತೈತಿ” ಎಂದು ಅವರೇ ಮೊದಲು ನಗುತ್ತಿದ್ದರು. ಯಾರ ಉತ್ತರಕ್ಕೂ ತಪ್ಪು ಎಂದವರಲ್ಲ. ತಪ್ಪಾದರೆ “ಒಡೀತು” ಎನ್ನುವರು, ಸರಿಯಾದರೆ “ನಿಂತಿತು.” ಸ್ಟಾಫ್ ರೂಮಿನಲ್ಲಿ ಚಹಾದ ಬಟ್ಟಲು ಕೆಳಗೆ ಬಿದ್ದರೂ ನಾವು “ಒಡೀತು” ಎಂದು ಅವರ ಧ್ವನಿಯಲ್ಲೇ ಹೇಳುತ್ತಿದ್ದೆವು.

ಇನ್ನು ಆ ಸಂಖ್ಯೆ. ೭೩೯೩೯೧೩೩.

ಗಾಡಿ ಬ್ಯಾಡಗಿಯಲ್ಲೇ ನಿಂತಿತ್ತು. ಅವರು ನನ್ನ ಮೇಲೆ ಬಾಗಿ ಗಾಜಿನ ಧೂಳಿನಲ್ಲಿ ಅದನ್ನು ಬರೆದರು. “ಇದನ್ನ ಯಾವುದರಿಂದ ಭಾಗಿಸಿದ್ರೂ ಶೇಷ ಉಳೀತೈತ್ರಿ. ಒಡಿಯೂದು ಒಂದರಿಂದ ಮತ್ತ ತನ್ನಿಂದ ತಾನ, ಅಷ್ಟ. ಅವಿಭಾಜ್ಯ. ಇಂಥವು ಬೇಕಾದಷ್ಟು ಅದಾವು, ಅದೇನ ದೊಡ್ಡದಲ್ಲ. ಈಗ ನೋಡ್ರಿ.” ಹೆಬ್ಬೆರಳಿನಿಂದ ಬಲತುದಿಯ ಮೂರನ್ನು ಒರೆಸಿದರು. ೭೩೯೩೯೧೩. “ಇದೂ ಒಡೆಯಂಗಿಲ್ಲ.” ಇನ್ನೊಂದು ಮೂರನ್ನು ಒರೆಸಿದರು. ೭೩೯೩೯೧. “ಇದೂ ಇಲ್ಲ.” ಹೀಗೆ ಬಲದಿಂದ ಒಂದೊಂದೇ ಒರೆಸುತ್ತ ಹೋದರು: ೭೩೯೩೯, ೭೩೯೩, ೭೩೯, ೭೩. ಕೊನೆಗೆ ಗಾಜಿನ ಮೇಲೆ ಏಳೊಂದೇ ಉಳಿಯಿತು. “ಎಷ್ಟು ಕಸಗೊಂಡ್ರೂ ಉಳದದ್ದು ಇಡೀದ. ಇಂಥಾ ಸಂಖ್ಯಾ ನೋಡೀರೇನು?”

ಒರೆಸಿದ ಜಾಗದಲ್ಲಿ ಗಾಜು ಸ್ವಚ್ಛವಾಗಿ ಆಚೆಯ ಪ್ಲಾಟ್‌ಫಾರ್ಮು ಕಾಣುತ್ತಿತ್ತು. ಇದು ಮೊದಲ ಚಳಿಗಾಲ. ಇಷ್ಟರ ಬಗ್ಗೆ ಅನುಮಾನವಿಲ್ಲ, ಯಾಕೆಂದರೆ ಮುಂದಿನದು ನಡೆಯುವಾಗ ಆ ಸಂಖ್ಯೆಯ ಪರಿಚಯ ನನಗಿತ್ತು.

ಅನುಮಾನವಿರುವುದು ಇದರ ಬಾಲದ ಬಗ್ಗೆ. ಇದೇ ಸಂಖ್ಯೆಯನ್ನು ಗಾಜಿನ ಮೇಲೆ ಬರೆದು, ಬಲಕ್ಕೆ ಖಾಲಿ ಇದ್ದ ಜಾಗವನ್ನು ಬೆರಳಿನಿಂದ ಬಡಿದು, ಅವರು ಇನ್ನೊಂದು ಮಾತನ್ನೂ ಹೇಳಿದ್ದರು: “ಇದರ ಮುಂದ ದಾರಿ ಇಲ್ರಿ. ಈ ಜಾತಿಯೊಳಗ ಇದ ಕಡೇದು. ಬಲಕ್ಕ ಯಾ ಅಂಕಿ ಹಚ್ಚಿದ್ರೂ ಒಡೀತೈತಿ. ಇದು ಎಂದೋ ಗೊತ್ತಾಗಿ ಪುಸ್ತಕದಾಗ ಬಂದೈತಿ.” ಇದನ್ನು ಅಂಕಿ ಒರೆಸಿದ ದಿನವೇ ಹೇಳಿದರೋ, ಮರುವರ್ಷ ಮತ್ತೊಮ್ಮೆ ಬರೆದು ಹೇಳಿದರೋ? ಎರಡೂ ಸಲ ಧೂಳಿತ್ತು. ಎರಡೂ ಸಲ ಗಾಡಿ ನಿಂತಿತ್ತು.

ಆ ಎರಡು ಚಳಿಗಾಲದ ನಡುವೆ ನಡೆದದ್ದು ಹೀಗೆ.

ಮಳೆಗಾಲದಲ್ಲಿ ಧಾರವಾಡದಿಂದ ಅವರ ಹಳೆಯ ಗುರುಗಳು ಹೇಳಿ ಕಳಿಸಿದರು: ಸಂಶೋಧನೆಗೆ ಬಾ, ಜಾಗವಿದೆ, ಆದರೆ ಇಲ್ಲೇ ಮನೆ ಮಾಡಿಕೊಂಡು ಇರಬೇಕು, ದೀಪಾವಳಿಯೊಳಗೆ ತಿಳಿಸು. ಅದೇ ಹೊತ್ತಿಗೆ ಮಾವನಿಗೂ ಮೈ ಸೋತಿತ್ತು. ದೀಪಾವಳಿ ಪಾಡ್ಯದ ದಿನ ಅಂಗಡಿಯಲ್ಲಿ ಲಕ್ಷ್ಮೀಪೂಜೆಯಾದ ಮೇಲೆ ಅಳಿಯಂದಿರು ಗಾದಿಯ ಮೇಲೆ ಕೂತು ವ್ಯಾಪಾರ ನೋಡಿಕೊಳ್ಳಲಿ, ಕಾಲೇಜು ಸಾಕು ಎಂದು ಅವರು ಮನೆಯಲ್ಲಿ ಮಾತು ತೆಗೆದರು. ಎರಡಕ್ಕೂ ಒಂದೇ ಗಡುವು. ಅಳಿಯ ಎರಡಕ್ಕೂ “ನೋಡೂಣ್ರಿ” ಎಂದರು.

ಅವರ ಬಾಯಿಂದ ಹೌದು ಇಲ್ಲ ಎರಡೂ ಬಾರದಿದ್ದಾಗ ಮಾವ ಮನೆದೇವರಿಗೆ ಹೂ ಹಚ್ಚಿಸಲು ಹೊರಟರು. ಗುಡಿ ಮೋಟೆಬೆನ್ನೂರಿನಿಂದ ಆಚೆ, ಹೊಲಗಳ ನಡುವೆ. “ನೀವೂ ಬರ್ರಿ ಸರ, ದೇವರಿಗೂ ಒಬ್ಬ ಸಾಕ್ಷಿ ಬೇಕು” ಎಂದು ಅಳಿಯ ನನ್ನನ್ನೂ ಕರೆದೊಯ್ದರು. ಪೂಜಾರಿ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಕೇಳುವವರು ಕೇಳಿ ಕಾಯುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಮಾವ ಕೈಮುಗಿದು ಗಟ್ಟಿಯಾಗಿಯೇ ಕೇಳಿದರು: “ಅಳಿಯಂದ್ರು ಗಾದಿ ಮ್ಯಾಲ ಕುಂದ್ರೂದು ನಿನ್ನ ಮನಸಿನ್ಯಾಗ ಇತ್ತಂದ್ರ ಬಲಕ್ಕ ಕೊಡಪ್ಪಾ.”

ಹೂ ಅಲುಗಲಿಲ್ಲ. ಅತ್ತೆ, “ಕೊಡೋ ತಂದಿ, ಲಗೂ ಕೊಡು” ಎನ್ನುತ್ತಿದ್ದರು. ಅಳಿಯ ನನ್ನ ಕಿವಿಗೆ ಬಾಗಿ, “ಬಲಗಡೀ ಹೂವಿಗೆ ನೀರು ಜಾಸ್ತಿ ಆಗೇತಿ. ಭಾರ ನೋಡ್ರಿ” ಎಂದರು.

ಪೂಜಾರಿಗೆ ಕೇಳಿಸಿತು. “ಗಪ್ಪ ಕುಂದರ್ರಿ ಮಾಸ್ತರ. ದೇವರು ಕೇಳಾಕತ್ತಾನ.”

“ಕೇಳಲಿ ಬಿಡ್ರಿ. ಭಾರದ ಲೆಕ್ಕಾ ಅವಂಗೂ ಗೊತ್ತಿರಬೇಕು.”

“ಅವಂಗ ಗೊತ್ತೈತಿ. ಹೂ ಹಚ್ಚಾಂವಗೂ ಗೊತ್ತೈತಿ. ಕೇಳಾಕ ಬಂದಾವ್ರಿಗೆ ಗೊತ್ತಾಗಬಾರದು, ಅಷ್ಟ” ಎಂದ ಪೂಜಾರಿ. ಅತ್ತೆಗೂ ನಗು ಬಂತು. ಆ ನಗುವಿನ ನಡುವೆಯೇ ಬಲಗಡೆಯ ಹೂ ಜಾರಿತು. “ಆತಲ್ಲ ಅಳಿಯಂದ್ರ!” ಎಂದು ಮಾವ ಅವರ ಬೆನ್ನು ತಟ್ಟಿದರು. “ಆತ್ರಿ ಮಾವಾರ” ಎಂದರು ಇವರು. ಅವರ ಹೆಂಡತಿ ಕಂಬದ ಪಕ್ಕ ನಿಂತಿದ್ದರು. ಎಲ್ಲರೂ ಹೂವನ್ನು ನೋಡುತ್ತಿರುವಾಗ ಅವರೊಬ್ಬರು ಗಂಡನನ್ನು ನೋಡುತ್ತಿದ್ದರು ಎಂದು ನನಗೆ ಈಗ ಕಾಣುತ್ತದೆ. ಆದರೆ ಇದನ್ನು ಮುಂದೆ ಅವರು ಆಡಿದ ಮಾತು ಕೇಳಿದ ಮೇಲೆ ನಾನೇ ಸೇರಿಸಿಕೊಂಡಿರಲಿಕ್ಕೂ ಸಾಕು.

ಮರುದಿನ ಗಾಡಿಯಲ್ಲಿ ಕೇಳಿದೆ: “ಇಲ್ಲ ಅಂತ ಹೇಳಬಹುದಿತ್ತಲ್ರಿ?”

“ಯಾರಿಗೆ ಹೇಳಲ್ರಿ? ಮಾವಾರು ನನ್ನ ಕೇಳಿದ್ದಿದ್ರ ಹೇಳತಿದ್ದೆ. ಅವರು ಕೇಳಿದ್ದು ದೇವರಿಗೆ. ಅಂವ ಹೂಂ ಅಂದಾನ. ಈಗ ನಾ ಇಲ್ಲ ಅಂದ್ರ ಮಾವಾರಿಗಲ್ಲ, ಅವಂಗ ಅಂದಂಗ.” ಕಿಸೆಗೆ ಕೈ ಹಾಕಿದರು. “ದೇವರು ಹೇಳಿದ್ದಕ್ಕ ದೇವರ ಎದುರು ಹೇಳಬೇಕು, ನಾನಲ್ಲ. ನಾನೂ ಒಂದು ಹೂ ಹಚ್ಚತೇನ್ರಿ.”

ಮೆಣಸಿನಕಾಯಿಯ ದರ ಬರೆದ ಹಳೆಯ ಟೆಂಡರ್ ಚೀಟಿ ತೆಗೆದು ಹಿಂಬದಿಗೆ ಆ ಎಂಟು ಅಂಕಿ ಬರೆದರು. “ಇದರ ಬಲಕ್ಕ ಒಂದು ಅಂಕಿ ಹಚ್ಚೂದು. ಸಮ ಅಂಕಿ ಹಚ್ಚಿದ್ರ ಎರಡರಿಂದ ಒಡೀತೈತಿ, ಐದು ಹಚ್ಚಿದ್ರ ಐದರಿಂದ, ಸೊನ್ನೀ ಮಾತ ಬ್ಯಾಡ. ಇವೆಲ್ಲಾ ಕೂಡಿಸಿದ್ರ ಮೂವತ್ತೆಂಟು. ಒಂದು ಹಚ್ಚಿದ್ರ ಮೂವತ್ತೊಂಬತ್ತು, ಏಳು ಹಚ್ಚಿದ್ರ ನಲವತ್ತೈದು, ಎರಡೂ ಮೂರರಿಂದ ಒಡೀತಾವು. ಉಳದದ್ದು ಮೂರು, ಒಂಬತ್ತು.”

ಮೂರು ಹಚ್ಚಿದ್ದು ಹೆಚ್ಚು ದಿನ ಬಾಳಲಿಲ್ಲ. ಸಣ್ಣ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರು; ನೂರಾ ಇಪ್ಪತ್ತೇಳರ ಹತ್ತಿರ ಅದು ಬಿತ್ತು. ದೇವರಗುಡ್ಡದಲ್ಲಿ ಗಾಡಿ ನಿಂತಾಗ ಚೀಟಿಯನ್ನು ನನ್ನ ಮುಂದೆ ಹಿಡಿದು ಭಾಗಾಕಾರವನ್ನು ಮೇಲಿನಿಂದ ಕೆಳಗಿನವರೆಗೆ ತೋರಿಸಿದರು. ಕೊನೆಗೆ ಸೊನ್ನೆ. “ನೋಡ್ರಿ, ಶೇಷ ಇಲ್ಲ. ಒಡೀತು.” ಬೇಸರವಿರಲಿಲ್ಲ. “ಈಗ ಒಂಬತ್ತೊಂದು ಉಳೀತು. ಒಂಬತ್ತು ನಿಂತ್ರ ಧಾರವಾಡ. ಒಡದ್ರ ಗಾದಿ.”

೭೩೯೩೯೧೩೩೯. ಇದು ಒಡೆಯುವುದಿಲ್ಲ ಎಂದು ಖಾತ್ರಿಯಾಗಬೇಕಾದರೆ ಇಪ್ಪತ್ತೇಳು ಸಾವಿರದ ಆಚೆಯವರೆಗಿನ ಪ್ರತಿ ಅವಿಭಾಜ್ಯದಿಂದಲೂ ಭಾಗಿಸಿ ನೋಡಬೇಕಂತೆ. ಅವರು ದಿನಾ ಬೆಳಿಗ್ಗೆ ನಡುವಿನ ಸೀಟಿನಲ್ಲಿ ಕೂತು ತೊಡೆಯ ಮೇಲೆ ಚೀಟಿ ಇಟ್ಟುಕೊಂಡು ಭಾಗಿಸತೊಡಗಿದರು. ಗಾಡಿ ಓಡುವಾಗ ಅಂಕಿ ಅಲುಗುತ್ತವೆಂದು ನಿಂತಾಗಷ್ಟೇ ಬರೆಯುವರು. ಎಲ್ಲರೂ ಕ್ರಾಸಿಂಗಿಗೆ ಶಾಪ ಹಾಕುತ್ತಿದ್ದರೆ ಇವರೊಬ್ಬರು ಎಕ್ಸ್‌ಪ್ರೆಸ್ ತಡವಾಗಲಿ ಎಂದು ಕಾಯುವವರಾದರು. ಅಗಡಿಯ ಬಟ್ಟೆ ವ್ಯಾಪಾರಿಯೊಬ್ಬ ನಮ್ಮ ಡಬ್ಬಿಯಲ್ಲೇ ಬರುತ್ತಿದ್ದ. ಗಂಟು ಮೇಲಿಟ್ಟು ಕೂತವನೇ ಕೇಳುತ್ತಿದ್ದ: “ಏನ್ರಿ ಸರ, ಇನ್ನಾ ಒಡದಿಲ್ಲೇನ್ರಿ? ನಾಳಿಗೆ ಕೊಡ್ಲಿ ತರಲೇನು?”

“ತರ್ರಿ. ನೀವು ಕೊಡ್ಲಿ ಹಾಕಿದ್ರೂ ಶೇಷ ಉಳೀತೈತಿ.”

ಕಾಲೇಜಿಗೆ ಆಗಷ್ಟೇ ಕಂಪ್ಯೂಟರುಗಳು ಬಂದಿದ್ದವು. ಹೊಸ ಹುಡುಗನೊಬ್ಬ ಅದನ್ನು ಕಲಿಸುತ್ತಿದ್ದ. ಅವನಿಗೆ ಹೇಳಿದರೆ ಚಹಾ ಕುಡಿಯುವುದರೊಳಗೆ ಉತ್ತರ ಬರುತ್ತದಲ್ಲ ಎಂದೆ. ಗುಡಿಯಲ್ಲಿ ಪೂಜಾರಿ ತಮ್ಮನ್ನು ನೋಡಿದಂತೆಯೇ ಅವರು ನನ್ನನ್ನು ನೋಡಿದರು. “ಹೂ ತಾನ ಬೀಳಬೇಕ್ರಿ. ಬಡದು ಬೀಳಸಬಾರದು.”

ನಾನಾಗ ನಕ್ಕಿದ್ದೆ. ನಗುವಂಥದ್ದೇ. ಪೂಜಾರಿಯ ಹೂವಿನ ಭಾರ ಲೆಕ್ಕ ಹಾಕಿದ ಮನುಷ್ಯ ತಾನೇ ಒಂದು ಸಂಖ್ಯೆಯ ಎದುರು ಕೈಮುಗಿದು ಕೂತಿದ್ದರು. ಆದರೆ ದಿನ ಕಳೆದಂತೆ ನಾನೂ ಕಾಯತೊಡಗಿದೆ. ಅವರು ಬ್ಯಾಡಗಿಯಲ್ಲಿ ಹತ್ತಿದ ಕೂಡಲೇ ಮುಖ ನೋಡುತ್ತಿದ್ದೆ. “ನಿಂತೈತ್ರಿ” ಎನ್ನುವರು. ಬಟ್ಟೆ ವ್ಯಾಪಾರಿಯೂ “ನಿಂತೈತಂತ” ಎಂದು ಪಕ್ಕದವರಿಗೆ ದಾಟಿಸುವನು. ಅದೇನು ನಿಂತಿದೆ, ನಿಂತರೆ ಯಾರಿಗೆ ಏನಾಗುತ್ತದೆ ಎಂದು ಆ ಡಬ್ಬಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಧಾರವಾಡದಲ್ಲಿ ಯಾವ ಓಣಿಯಲ್ಲಿ ಮನೆ ಸಿಗಬಹುದು ಎಂದು ಅವರು ಒಮ್ಮೆ ಮಾತಾಡಿದರು. ಕಿಟಕಿ ಇದ್ದರೆ ಸಾಕು ಎಂದರು. ಹೀಗೆ ಮಾತಾಡಿದ ಮನುಷ್ಯನಿಗೆ ಕೊನೆ ಮೊದಲೇ ಗೊತ್ತಿತ್ತು ಎಂದು ಹೇಗೆ ನಂಬಲಿ?

ದೀಪಾವಳಿ ಹತ್ತಿರ ಬಂತು. ಒಂದು ಬೆಳಿಗ್ಗೆ ಅವರು ಹತ್ತಿದರು, ನಡುವೆ ಕೂತರು, ಚೀಟಿ ತೆಗೆಯಲಿಲ್ಲ. ಗಾಡಿ ದೇವರಗುಡ್ಡದಲ್ಲಿ ನಿಂತಿತು. ಆಗಲೂ ತೆಗೆಯಲಿಲ್ಲ.

“ಒಡೀತ್ರಿ” ಎಂದರು.

“ಯಾವುದರಿಂದ?”

“ಯಾವುದಾದ್ರೇನ್ರಿ.”

“ತೋರಸ್ರಿ ನೋಡೂಣು.”

“ಒಡದ ಮ್ಯಾಲ ತೋರಸೂದೇನ್ರಿ ಅದ್ರಾಗ?”

ಬಟ್ಟೆ ವ್ಯಾಪಾರಿ ಗಂಟನ್ನು ಕೆಳಗಿಳಿಸಿ ತೊಡೆಯ ಮೇಲೆ ಇಟ್ಟುಕೊಂಡ. ಎಕ್ಸ್‌ಪ್ರೆಸ್ ದಾಟಿ ಹೋಯಿತು, ಅದರ ಗಾಳಿಗೆ ನಮ್ಮ ಡಬ್ಬಿ ಅಲುಗಿತು, ಮತ್ತೆ ನಾವು ಹೊರಟೆವು. ಮೂರು ಹಚ್ಚಿದ್ದು ಒಡೆದಾಗ ಸೊನ್ನೆ ಬರುವವರೆಗೂ ಬೆರಳಿಟ್ಟು ತೋರಿಸಿದವರು ಒಂಬತ್ತನ್ನು ತೋರಿಸಲಿಲ್ಲ. ನಾನು ಮತ್ತೆ ಮತ್ತೆ ಬಂದು ಸಿಕ್ಕಿಕೊಳ್ಳುವುದು ಇಲ್ಲೇ.

ಪಾಡ್ಯದ ದಿನ ಅಂಗಡಿಗೆ ಹೋಗಿದ್ದೆ. ಹೊಸ ಧೋತರ ಉಟ್ಟು ಬಿಳಿಯ ಗಾದಿಯ ಮೇಲೆ ಲೋಡಿಗೆ ಒರಗದೆ ನೆಟ್ಟಗೆ ಕೂತಿದ್ದರು. ಅಂಕಿ ಬರೆಯುವ ಬೆರಳಿಗೆ ಕುಂಕುಮ ಹತ್ತಿತ್ತು. ಮಾವ ನನಗೆ ಪೇಡೆ ಕೊಟ್ಟು, “ದೇವರು ಕೊಟ್ಟ ಮಾತು ನೋಡ್ರಿ ಸರ, ಸುಳ್ಳಾಗಂಗಿಲ್ಲ” ಎಂದು ಕಣ್ಣು ತುಂಬಿಕೊಂಡರು. ಕಾಲೇಜಿನ ಪರೀಕ್ಷೆ ಮುಗಿಯುವವರೆಗೆ ಅವರು ಗಾಡಿಗೆ ಬಂದರು. ಅಂದರೆ ಎರಡನೆಯ ಚಳಿಗಾಲವೂ ನನ್ನ ಪಕ್ಕದಲ್ಲೇ ಇದ್ದರು, ಗಾಜಿಗೆ ಧೂಳು ಕೂತಿತ್ತು. “ಇದರ ಮುಂದ ದಾರಿ ಇಲ್ರಿ” ಎಂದದ್ದು ಆಗಲೇ ಇದ್ದರೆ ಕಥೆ ಸರಳ: ನಂಬಿ ಕೇಳಿದರು, ಸೋತರು, ಆಮೇಲೆ ಯಾವುದೋ ಪುಸ್ತಕದಲ್ಲಿ ನೋಡಿ, ಇದು ಮೊದಲೇ ಬರೆದಿಟ್ಟ ಸೋಲು ಎಂದು ತಿಳಿದರು. ಮೊದಲ ಚಳಿಗಾಲದಲ್ಲೇ ಅಂದಿದ್ದರೆ, ಒಡೆಯುತ್ತದೆಂದು ಗೊತ್ತಿದ್ದ ಹೂವನ್ನೇ ಆರಿಸಿ ತಮ್ಮ ಕೈಯಾರೆ ಎಡಕ್ಕೆ ನೀರು ಹೆಚ್ಚು ಹಾಕಿದರು. ಹಾಗಾದರೆ ಆ ಭಾಗಾಕಾರಗಳೆಲ್ಲ ಯಾತಕ್ಕೆ? ಗಡುವಿನವರೆಗೆ ದಿನ ದೂಡಲಿಕ್ಕೋ? ಅಥವಾ ಪುಸ್ತಕವೂ ತಪ್ಪಿರಬಹುದು ಎಂಬ ಆಸೆಗೋ? ಮೊದಲೇ ಹೇಳಿದ್ದರೆ ಅವರು ಒಂಬತ್ತು ಹಚ್ಚಿದ ದಿನವೇ ನಾನು ಕೇಳುತ್ತಿದ್ದೆನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ನಾನು ಕನ್ನಡದ ಮಾಸ್ತರ. ಸಂಖ್ಯೆಯ ಬಗ್ಗೆ ಯಾರೇನು ಹೇಳಿದರೂ ಆ ಸಂಜೆಗೇ ಮರೆಯುವವನು.

ಕೆಲವು ವರ್ಷ ಕಳೆದು ಅಂಗಡಿಗೆ ಹೋದಾಗ ಅವರು ಲೋಡಿಗೆ ಒರಗುವುದನ್ನು ಕಲಿತಿದ್ದರು. ರೈತನೊಬ್ಬ ಸುರಿದ ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿ ಬೀಜದ ಸಪ್ಪಳ ಕೇಳಿ, “ಇನ್ನೊಂದೆರಡು ದಿನ ಬಿಸಲಿಗೆ ಹಾಕಬೇಕಿತ್ತಪಾ” ಎನ್ನುತ್ತಿದ್ದರು. ಒಳ್ಳೆಯ ಹೆಸರಿತ್ತು. ನನಗೆ ಚಹಾ ತರಿಸಿದರು. ಆ ಸಂಖ್ಯೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಲದಿಂದ ಒಂದೊಂದೇ ಅಂಕಿ ಕಳೆದರೂ ಉಳಿದದ್ದು ಇಡಿಯಾಗಿಯೇ ಇತ್ತು ಎಂದು ಇಲ್ಲೊಂದು ಹೋಲಿಕೆ ಹಾಕಲು ಕೈ ಕಡಿಯುತ್ತದೆ. ಹಾಕುವುದಿಲ್ಲ. ಅವರು ಇಡಿಯಾಗಿದ್ದರೋ ಇಲ್ಲವೋ ಚಹಾ ಕುಡಿದು ಎದ್ದು ಬಂದವನಿಗೆ ಏನು ಗೊತ್ತು.

ತೀರಿಕೊಂಡ ಸುದ್ದಿ ಕೇಳಿ ಮನೆಗೆ ಹೋದೆ. ಮಾವ ಅತ್ತೆ ಮೊದಲೇ ತೀರಿಹೋಗಿದ್ದರು. ಅವರ ಹೆಂಡತಿ ಪಡಸಾಲೆಯಲ್ಲಿ ಕೂತಿದ್ದರು. ಎದುರಿಗೆ ಆ ಓದುವ ಖೋಲಿಯ ಬಾಗಿಲು. ಬಾಗಿಲ ಪಕ್ಕದ ಗೋಡೆ ಒಡೆದು ಕಿಟಕಿ ಇಡಿಸಿದ್ದರು. “ಯಾವಾಗ ಇಡಿಸಿದ್ರಿ?” ಎಂದೆ.

“ಅಪ್ಪಾರು ಹೋದ ಮ್ಯಾಲೆ ನಾನ ಇಡಿಸಿದೆ. ಇವರು ಬ್ಯಾಡ ಅಂದ್ರು. ಬಣ್ಣ ಹೋಕ್ಕತಿ ಅಂದ್ರು.”

ನಾನು ಗಾಡಿಯ ದಿನಗಳನ್ನು, ಆ ಒಂಬತ್ತನ್ನು ಮೆಲ್ಲಗೆ ಹೇಳಿದೆ. ಅವರಿಗೆ ಗೊತ್ತಿತ್ತು. ಚೀಟಿಗಳನ್ನು ನೋಡಿದ್ದರಂತೆ.

“ನಾ ಆಗ ಎರಡು ಟ್ರಂಕು ತುಂಬಿ ಇಟ್ಟಿದ್ದೆರಿ ಅಣ್ಣಾರ” ಎಂದರು. “ಧಾರವಾಡಕ್ಕ ಅಂತ. ಅವರು ಬಾಯಿ ಬಿಟ್ಟು ಹೇಳ್ಳಿ, ಅಪ್ಪಾರ ಮುಂದ ನಾ ನಿಂದರತೇನಿ ಅಂತ ಕಾಯಾಕತ್ತಿದ್ದೆ. ಅಪ್ಪಾರು ದೇವರನ್ನ ಕೇಳಿದ್ರು. ಇವರು ಲೆಕ್ಕಾನ ಕೇಳಿದ್ರು. ನನ್ನ ಯಾರೂ ಕೇಳಲಿಲ್ಲ. ಧಾರವಾಡಕ್ಕ ಹೋಗೂಣೇನು ಅಂತ ಕೇಳಿದ್ದಿದ್ರ ನಾ ಬಲಕ್ಕ ಬೀಳತಿದ್ದೆ.”

ಇದನ್ನು ಅವರು ಅಳುತ್ತ ಹೇಳಲಿಲ್ಲ. ಹೇಳಿ, ಒಳಗೆ ಹೋಗಿ ಚಹಾ ತಂದರು.

ಈಗ ಜೋಡಿ ಹಳಿ, ವಾಪಸು ಬರುವಾಗ ಗಾಡಿ ಕ್ರಾಸಿಂಗಿಗೆಂದು ಎಲ್ಲೂ ನಿಲ್ಲಲಿಲ್ಲ. ಕೈಯಲ್ಲಿ ಮೊಬೈಲಿತ್ತು. ಆ ಒಂಬತ್ತೂ ಅಂಕಿ ಒತ್ತಿದರೆ ಅದನ್ನು ಯಾವುದು ಒಡೆಯುತ್ತದೆಂದು ಒಂದು ಕ್ಷಣದಲ್ಲಿ ಬರುತ್ತದೆ. ಇಂದಿಗೂ ಒತ್ತಿಲ್ಲ; ಬಂದರೂ ನನಗೆ ಬೇಕಾದ ಉತ್ತರ ಅದಲ್ಲ. ಮುಂದೆ ದಾರಿ ಇಲ್ಲವೆಂದು ತಿಳಿದೇ ಅವರು ಆ ಒಂಬತ್ತನ್ನು ಹಚ್ಚಿದರೋ, ಹಚ್ಚಿದ ಮೇಲೆ ತಿಳಿದರೋ, ನನಗೆ ಗೊತ್ತಿಲ್ಲ.